ದುಬಾರಿ ಕಾರಿನ ಬ್ಯಾಟರಿ: ಬದಲಿಸಬೇಕೋ, ಚಾರ್ಜ್ ಮಾಡಿದರೆ ಸಾಕೋ?

ಬೆಂಗಳೂರಿನಲ್ಲಿ ಐಷಾರಾಮಿ ಕಾರು ಇಟ್ಟುಕೊಂಡವರು ಬ್ಯಾಟರಿ ವಿಷಯದಲ್ಲಿ ಎರಡು ಬಗೆಯಲ್ಲಿ ಹಣ ಕಳೆದುಕೊಳ್ಳುತ್ತಾರೆ. ಪರದೆಯ ಮೇಲೆ ಬ್ಯಾಟರಿ ಚಿಹ್ನೆ ಕಂಡ ದಿನವೇ ಗಾಬರಿಬಿದ್ದು, ಇನ್ನೂ ಬಾಳಬಹುದಾದ ಬ್ಯಾಟರಿಯನ್ನು ಕಳಚಿಸಿ ಹೊಸದು ಹಾಕಿಸುವವರು ಒಂದು ಕಡೆ. ಕೊನೆಯುಸಿರೆಳೆಯುತ್ತಿರುವ ಬ್ಯಾಟರಿಯನ್ನು ಗಮನಿಸದೆ ಗೇರ್‌ಬಾಕ್ಸ್, ಏರ್ ಸಸ್ಪೆನ್ಷನ್, ಸೆನ್ಸರ್ ಎಂದು ಬಿಲ್ಲಿನ ಮೇಲೆ ಬಿಲ್ಲು ಕಟ್ಟುವವರು ಇನ್ನೊಂದು ಕಡೆ. ಇಬ್ಬರಿಗೂ ಹೇಳಬೇಕಾದದ್ದು ಒಂದೇ: ಮೊದಲು ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಅಳೆಯಿರಿ, ಕೊನೆಗೆ ತೀರ್ಮಾನಿಸಿ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಅಳೆದು ‘ಹೋಗಿದೆ’ ಎನ್ನುವುದು ಹಸಿದವನನ್ನು ರೋಗಿ ಎಂದು ಕರೆದಂತೆ.

ಕಾರಿನ ಜೊತೆ ಬರುವ ಕೈಪಿಡಿಗಳು ಬಹುಪಾಲು ಚಳಿದೇಶಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು. ಮಂಜು ಬಿದ್ದ ಬೆಳಿಗ್ಗೆ ಎಂಜಿನ್ ತಿರುಗುವುದೇ ಅಲ್ಲಿನ ಚಿಂತೆ. ನಮ್ಮ ಊರಿನಲ್ಲಿ ಜನವರಿಯ ಬೆಳಗಿನ ಜಾವವೂ ಬ್ಯಾಟರಿಗೆ ಹಿತವಾಗಿಯೇ ಇರುತ್ತದೆ. ಏಪ್ರಿಲ್ ಬಿಸಿಲು ಒಂದಷ್ಟು ಆಯುಷ್ಯ ತಿನ್ನುತ್ತದೆ, ನಿಜ. ಆದರೆ ಇಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಹೆಚ್ಚಾಗಿ ಕಾರು ಓಡುವ ರೀತಿ. ಮನೆಯಿಂದ ಮೂರು ಕಿಲೋಮೀಟರ್ ದೂರದ ಕ್ಲಬ್ಬಿಗೆ ಹೋಗಿ ಬರುವುದು, ವಾರಗಟ್ಟಲೆ ಬೇಸ್‌ಮೆಂಟ್‌ನಲ್ಲಿ ನಿಂತಿರುವುದು, ಎಂಜಿನ್ ಆರಿಸಿ ಹಾಡು ಹಾಕಿಕೊಂಡು ಕಾಯುವುದು.

ಇದಕ್ಕೊಂದು ಸಣ್ಣ ಲೆಕ್ಕವಿದೆ. ಒಂದು ಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ ಒಂದು ಎಎಚ್ (ಆಂಪಿಯರ್-ಅವರ್). ಎಂಜಿನ್ ಸ್ಟಾರ್ಟ್ ಮಾಡಲು ಸುಮಾರು 300 ಆಂಪಿಯರ್ ವಿದ್ಯುತ್ ಒಂದು ಸೆಕೆಂಡ್ ಹರಿಯಿತು ಎಂದುಕೊಳ್ಳಿ. ಖರ್ಚಾದದ್ದು 0.1 ಎಎಚ್‌ಗಿಂತ ಕಡಿಮೆ. ಅದೇ ಕಾರಿನಲ್ಲಿ ಎಂಜಿನ್ ಆರಿಸಿ, ಪರದೆ, ಬ್ಲೋವರ್, ಸೀಟ್ ಫ್ಯಾನ್ ಎಲ್ಲ ನಡೆಯುತ್ತಿರುವಾಗ 15–20 ಆಂಪಿಯರ್ ಎಳೆತ ಇರಬಹುದು. ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಿದರೆ 5ರಿಂದ 7 ಎಎಚ್ ಹೋಯಿತು. ಹಾಗೆ ಕಳೆದದ್ದನ್ನು ಮೂರು ಕಿಲೋಮೀಟರ್ ಓಟ ತುಂಬಿಕೊಡುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ಆರಿ ಮತ್ತೆ ಶುರುವಾಗುವ ಸ್ಟಾರ್ಟ್–ಸ್ಟಾಪ್‌ಗೆ ಎಲ್ಲರೂ ಹೆದರುತ್ತಾರೆ, ಪಾರ್ಕಿಂಗ್‌ನ ಹರಟೆಗೆ ಯಾರೂ ಹೆದರುವುದಿಲ್ಲ.

ಹಂತ 1: ನಿಮ್ಮ ಕಾರಿನಲ್ಲಿ ಎಷ್ಟು ಬ್ಯಾಟರಿಗಳಿವೆ?

ಪ್ರಶ್ನೆ ತಮಾಷೆಯಾಗಿ ಕಂಡರೂ ಉತ್ತರ ಗೊತ್ತಿರುವ ಮಾಲೀಕರು ಕಡಿಮೆ. ಮುಖ್ಯ 12 ವೋಲ್ಟ್ ಬ್ಯಾಟರಿ ಎಲ್ಲ ಕಾರಿನಲ್ಲೂ ಇರುತ್ತದೆ. ಅದು ಬಾನೆಟ್ ಕೆಳಗೇ ಇರಬೇಕೆಂದಿಲ್ಲ. ಬಿಎಂಡಬ್ಲ್ಯೂ ಕಾರುಗಳಲ್ಲಿ ಬಹುತೇಕ ಡಿಕ್ಕಿಯಲ್ಲಿ, ಔಡಿ ಕ್ಯೂ7ನಲ್ಲಿ ಮುಂದಿನ ಸೀಟಿನ ಕೆಳಗೆ, ವೋಲ್ವೊ ಎಕ್ಸ್‌ಸಿ90ನಲ್ಲಿ ಡಿಕ್ಕಿಯ ನೆಲದಡಿ. ಇದರ ಜೊತೆಗೆ ಹಲವು ಮರ್ಸಿಡಿಸ್, ವೋಲ್ವೊ, ರೇಂಜ್ ರೋವರ್ ಮಾದರಿಗಳಲ್ಲಿ ಒಂದು ಪುಟ್ಟ ಸಹಾಯಕ ಬ್ಯಾಟರಿಯೂ ಇದೆ. ಎಂಜಿನ್ ಮತ್ತೆ ಮತ್ತೆ ಸ್ಟಾರ್ಟ್ ಆಗುವಾಗ ಪರದೆ, ಗೇರ್ ಸೆಲೆಕ್ಟರ್ ಮುಂತಾದವು ಕಂಗೆಡದಂತೆ ನೋಡಿಕೊಳ್ಳುವುದು ಅದರ ಕೆಲಸ. ಮೈಲ್ಡ್ ಹೈಬ್ರಿಡ್ (ಎಂಜಿನ್ನಿಗೆ ಸಣ್ಣ ವಿದ್ಯುತ್ ಮೋಟಾರ್ ನೆರವಾಗುವ ಕಾರು) ಆಗಿದ್ದರೆ 48 ವೋಲ್ಟ್‌ನ ಲಿಥಿಯಂ ಬ್ಯಾಟರಿ ಬೇರೆ. ವಿದ್ಯುತ್ ಕಾರಾದರೆ ನೆಲದಡಿ ಹಾಸಿದ ದೊಡ್ಡ ಪ್ಯಾಕ್.

ಕೊನೆಗೆ ಕೀಲಿಯೊಳಗಿನ ನಾಣ್ಯದಾಕಾರದ ಸೆಲ್. ‘ಕೀಲಿ ಪತ್ತೆಯಾಗಿಲ್ಲ’ ಎಂಬ ಸಂದೇಶ ಬಂದರೆ ಮೊದಲ ಅನುಮಾನ ಇದರ ಮೇಲಿರಲಿ. ಇದಕ್ಕೆ ಪರೀಕ್ಷೆಯೂ ಬೇಡ, ಯೋಚನೆಯೂ ಬೇಡ. ಕೈಪಿಡಿಯಲ್ಲಿ ನಂಬರ್ ನೋಡಿ ಬದಲಿಸಿಬಿಡಿ.

ಹಂತ 2: ಲೇಬಲ್ ಓದಿ

ಬ್ಯಾಟರಿಯ ಮೇಲಿನ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮೂರು ವಿಷಯ ಬೇಕು: ಬಗೆ, ಸಾಮರ್ಥ್ಯ, ಸಿಸಿಎ. ಬಗೆ ಎಂದರೆ ಎಜಿಎಂ ಅಥವಾ ಇಎಫ್‌ಬಿ (ಸುಧಾರಿಸಿದ ಆಸಿಡ್ ಬ್ಯಾಟರಿ) ಅಥವಾ ಸಾಮಾನ್ಯ ಆಸಿಡ್ ಬ್ಯಾಟರಿ. ಸ್ಟಾರ್ಟ್–ಸ್ಟಾಪ್ ಇರುವ ದುಬಾರಿ ಕಾರುಗಳಲ್ಲಿ ಹೆಚ್ಚಾಗಿ ಎಜಿಎಂ ಇರುತ್ತದೆ. ಇದರಲ್ಲಿ ಆಸಿಡ್ ದ್ರವವಾಗಿ ಕುಲುಕಾಡುವುದಿಲ್ಲ, ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರುತ್ತದೆ. ಸಾಮರ್ಥ್ಯ 70, 80, 92, 95, 105 ಎಎಚ್ ಹೀಗೆ. ಸಿಸಿಎ ಎಂದರೆ ಕಡುಚಳಿಯಲ್ಲಿ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಕೊಡಬಲ್ಲ ಆಂಪಿಯರ್. 95 ಎಎಚ್‌ನ ಎಜಿಎಂ ಮೇಲೆ ಸಾಮಾನ್ಯವಾಗಿ 850 ಎಂದು, ಪಕ್ಕದಲ್ಲಿ ಇಎನ್ ಎಂಬ ಮಾನದಂಡದ ಹೆಸರೂ ಇರುತ್ತದೆ. ಈ ಎರಡಕ್ಷರ ಮುಂದೆ ಬಹಳ ಮುಖ್ಯವಾಗುತ್ತದೆ.

ತಯಾರಾದ ತಿಂಗಳನ್ನೂ ಹುಡುಕಿ. ಮೂರು ವರ್ಷದೊಳಗಿನ ಬ್ಯಾಟರಿ ತೊಂದರೆ ಕೊಡುತ್ತಿದ್ದರೆ ನಾನು ಬ್ಯಾಟರಿಗಿಂತ ಮೊದಲು ಕಾರನ್ನೇ ಅನುಮಾನಿಸುತ್ತೇನೆ. ನಾಲ್ಕು ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಸಾಕು. ಆರು ವರ್ಷ ದಾಟಿಯೂ ಗಟ್ಟಿಯಾಗಿದ್ದರೆ ಸಂತೋಷ, ಆದರೆ ಕುಟುಂಬವನ್ನು ಕೂರಿಸಿಕೊಂಡು ಮಡಿಕೇರಿಗೋ ಗೋಕರ್ಣಕ್ಕೋ ಹೊರಡುವ ಮುನ್ನ ಅದನ್ನು ನಂಬಬೇಕೇ ಎಂದು ಇನ್ನೊಮ್ಮೆ ಯೋಚಿಸಿ.

ಹಂತ 3: ಲಕ್ಷಣಗಳನ್ನು ಸರಿಯಾಗಿ ಓದಿ

ಹಳೆಯ ಕಾರುಗಳಲ್ಲಿ ಬ್ಯಾಟರಿ ಡೌನ್ ಆದರೆ ಸೆಲ್ಫ್ ಎಳೆಯುತ್ತಾ ಗೊಣಗುತ್ತಿತ್ತು, ಎಲ್ಲರಿಗೂ ತಿಳಿಯುತ್ತಿತ್ತು. ಇಂದಿನ ದುಬಾರಿ ಕಾರು ಕೊನೆಯ ದಿನದವರೆಗೂ ಠೀವಿಯಿಂದ ಸ್ಟಾರ್ಟ್ ಆಗಿ, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಾಗಿಲನ್ನೂ ತೆರೆಯುವುದಿಲ್ಲ. ಅದಕ್ಕೂ ಮೊದಲು ಅದು ಬೇರೆ ಭಾಷೆಯಲ್ಲಿ ಹೇಳಿರುತ್ತದೆ.

ಕಾರು ವಿದ್ಯುತ್ ಉಳಿಸಲು ಒಂದೊಂದೇ ಸೌಕರ್ಯವನ್ನು ಕಡಿತ ಮಾಡುತ್ತದೆ. ಎಂಜಿನ್ ಆರಿಸಿದ ಎರಡೇ ನಿಮಿಷಕ್ಕೆ ಹಾಡು ನಿಲ್ಲುತ್ತದೆ. ಸೀಟಿನ ಬಿಸಿ–ತಂಪು ತಾನಾಗಿಯೇ ಕೈಕೊಡುತ್ತದೆ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ದಿನವೂ ಆರುತ್ತಿದ್ದ ಎಂಜಿನ್ ವಾರಗಟ್ಟಲೆ ಆರುವುದೇ ಇಲ್ಲ. ಈ ಕೊನೆಯದಕ್ಕೆ ಬೇಸಿಗೆಯ ಎ.ಸಿ. ಹೊರೆಯೂ ಕಾರಣವಿರಬಹುದು. ಹಾಗಾಗಿ ಮಳೆಗಾಲದ ತಂಪು ಸಂಜೆಯಲ್ಲೂ, ಉದ್ದ ಓಟದ ನಂತರವೂ ಹಾಗೆಯೇ ಇದ್ದರೆ ಮಾತ್ರ ಅದನ್ನು ಲಕ್ಷಣವೆಂದು ತೆಗೆದುಕೊಳ್ಳಿ.

ಇವೆಲ್ಲಕ್ಕಿಂತ ದಾರಿ ತಪ್ಪಿಸುವುದು ಒಂದಕ್ಕೊಂದು ಸಂಬಂಧವಿಲ್ಲದ ಎಚ್ಚರಿಕೆಗಳ ಮೆರವಣಿಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎಬಿಎಸ್, ಸ್ಟಿಯರಿಂಗ್, ಏರ್‌ಬ್ಯಾಗ್, ಗೇರ್ ಎಲ್ಲದರ ದೀಪವೂ ಹೊತ್ತಿಕೊಂಡು, ಆರಿಸಿ ಮತ್ತೆ ಹಾಕಿದರೆ ಮಾಯವಾಗುತ್ತದೆ. ನಾಲ್ಕು ವ್ಯವಸ್ಥೆಗಳು ಒಂದೇ ಬೆಳಿಗ್ಗೆ ಕೆಡುವುದಿಲ್ಲ. ಸ್ಟಾರ್ಟ್ ಆಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು, ಕಂಪ್ಯೂಟರ್‌ಗಳು ಒಂದನ್ನೊಂದು ಕರೆದು ಉತ್ತರ ಸಿಗದೆ ದೂರು ಬರೆದಿಟ್ಟಿರುತ್ತವೆ. ಆ ದೂರುಗಳ ಪಟ್ಟಿಯನ್ನು ಸ್ಕ್ಯಾನರ್‌ನಲ್ಲಿ ಓದಿ ಬಿಡಿಭಾಗಗಳ ಅಂದಾಜು ಬಿಲ್ಲು ಕೈಗಿಟ್ಟರೆ, ಬ್ಯಾಟರಿ ಪರೀಕ್ಷೆಯ ಚೀಟಿ ಎಲ್ಲಿ ಎಂದು ಮೊದಲು ಕೇಳಿ.

ಪೆಟ್ಟಿಗೆ ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ, ಆಸಿಡ್ ಜಿನುಗಿದ್ದರೆ ಯಾವ ಪರೀಕ್ಷೆಯೂ ಬೇಡ. ಚಾರ್ಜರ್ ಹಚ್ಚಲೇಬೇಡಿ, ನೇರವಾಗಿ ಬದಲಿಸಿ.

ಹಂತ 4: ಪೂರ್ತಿ ಚಾರ್ಜ್ ಮಾಡಿ

ಎಜಿಎಂ ಆಯ್ಕೆ ಇರುವ, ಸುಮಾರು 10 ಆಂಪಿಯರ್‌ನ ಸ್ಮಾರ್ಟ್ ಚಾರ್ಜರ್ ಬೇಕು. ವೋಲ್ಟೇಜ್ 14.7–14.8ಕ್ಕಿಂತ ಮೇಲೇರಬಾರದು. ಗ್ಯಾರೇಜುಗಳಲ್ಲಿ ಲಾರಿ ಬ್ಯಾಟರಿಗೆ ಹಚ್ಚುವ ಹಳೆಯ ದೊಡ್ಡ ಚಾರ್ಜರ್‌ಗೆ ಎಜಿಎಂ ಒಪ್ಪಿಸಬೇಡಿ.

ಬಾನೆಟ್ ಕೆಳಗೆ ಜಂಪ್ ಸ್ಟಾರ್ಟ್‌ಗೆಂದು ಕೊಟ್ಟಿರುವ ಪಾಸಿಟಿವ್ ಮೊಳೆಗೆ (ಟರ್ಮಿನಲ್ಲಿಗೆ) ಕೆಂಪು ಕ್ಲಿಪ್, ಕಪ್ಪು ಕ್ಲಿಪ್ ಬಾಡಿಯ ಅರ್ಥ್ ಬೋಲ್ಟಿಗೆ. ಬ್ಯಾಟರಿಯ ನೆಗೆಟಿವ್ ಮೊಳೆಗೇ ನೇರವಾಗಿ ಹಚ್ಚಬಾರದು. ಅಲ್ಲೊಂದು ಪುಟ್ಟ ಸೆನ್ಸರ್ ಕೂತಿರುತ್ತದೆ. ಬ್ಯಾಟರಿಗೆ ಒಳಹೋಗುವ, ಹೊರಬರುವ ವಿದ್ಯುತ್ತಿನ ಲೆಕ್ಕ ಇಡುವುದು ಅದೇ. ಅದನ್ನು ದಾಟಿ ಒಳಗೆ ಸುರಿದ ಚಾರ್ಜ್ ಕಾರಿನ ಲೆಕ್ಕಕ್ಕೆ ಸೇರುವುದಿಲ್ಲ. ಬ್ಯಾಟರಿ ತುಂಬಿದ್ದರೂ ಪರದೆ ‘ಖಾಲಿ’ ಎಂದು ಹಠ ಹಿಡಿಯುತ್ತದೆ.

ಅರ್ಧ ಖಾಲಿಯಾದ 92 ಎಎಚ್ ಬ್ಯಾಟರಿಗೆ ರಾತ್ರಿಯಿಡೀ ಬೇಕು. ನೂರರಲ್ಲಿ ಮೊದಲ ಎಂಬತ್ತು ಭಾಗ ಬೇಗ ತುಂಬುತ್ತದೆ, ಉಳಿದದ್ದು ಆಮೆವೇಗದಲ್ಲಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಸಾಕೆಟ್ ಇಲ್ಲದವರಿಗೆ ಇದೇ ದೊಡ್ಡ ತೊಡಕು. ವಿದ್ಯುತ್ ಕಾರುಗಳಿಗೆಂದು ಈಚೆಗೆ ಹಾಕಿರುವ ಪಾಯಿಂಟ್ ಪಕ್ಕದಲ್ಲಿದ್ದರೆ ಸಂಘದವರನ್ನು ಕೇಳಿ ಒಂದು ರಾತ್ರಿಗೆ ಬಳಸಿಕೊಳ್ಳಿ. ಅದೂ ಆಗದಿದ್ದರೆ ಭಾನುವಾರ ಬೆಳಿಗ್ಗೆ ಬೇಗ ಎದ್ದು ತುಮಕೂರಿನವರೆಗೂ ಹೋಗಿ ತಟ್ಟೆ ಇಡ್ಲಿ ತಿಂದು ಬರಬಹುದು. ಚಾರ್ಜರ್‌ಗೆ ಸಮನಲ್ಲ, ಆದರೆ ನಗರದೊಳಗಿನ ಒಂದು ವಾರದ ಓಡಾಟಕ್ಕಿಂತ ಮೇಲು.

ಹಂತ 5: ಕಾರು ಮಲಗಿದ ಮೇಲೆ ವೋಲ್ಟೇಜ್ ನೋಡಿ

ಹೆಚ್ಚಿನವರು ಎಡವುವುದು ಇಲ್ಲಿ. ಬಾಗಿಲು ತೆರೆದೊಡನೆ ಕಾರು ಎಚ್ಚರಗೊಂಡು ಹತ್ತಾರು ಕಂಪ್ಯೂಟರ್‌ಗಳು ಕಣ್ಣುಬಿಡುತ್ತವೆ, ಆಗ ಮೀಟರ್ ತೋರಿಸುವುದು ಸುಳ್ಳು ಅಂಕಿ. ಹೀಗೆ ಮಾಡಿ. ಮಲ್ಟಿಮೀಟರ್‌ನ ತಂತಿಗಳನ್ನು ಮೊಸಳೆ ಕ್ಲಿಪ್‌ನಿಂದ ಬಾನೆಟ್ ಕೆಳಗಿನ ಮೊಳೆಗಳಿಗೆ ಹಚ್ಚಿ. ಬಾನೆಟ್ ತೆರೆದಿದ್ದರೂ ಮುಚ್ಚಿದೆ ಎಂದು ಕಾರು ನಂಬುವಂತೆ ಅದರ ಲ್ಯಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಕ್ಲಿಕ್ ಎನ್ನಿಸಿ. ಕಾರು ಲಾಕ್ ಮಾಡಿ, ಕೀಲಿಯನ್ನು ಮನೆಯೊಳಗೆ ಇಟ್ಟುಬನ್ನಿ. ಜೇಬಿನಲ್ಲಿದ್ದರೆ ಕಾರು ಅದರ ಜೊತೆ ಮಾತಾಡುತ್ತಲೇ ಇರುತ್ತದೆ. ರಾತ್ರಿ ಕಳೆದು ಬೆಳಿಗ್ಗೆ ಏನನ್ನೂ ಮುಟ್ಟದೆ ಅಂಕಿ ಓದಿ. (ಅಳತೆ ಮುಗಿದ ಮೇಲೆ ಲ್ಯಾಚನ್ನು ಮತ್ತೆ ತೆರೆದು ನಂತರವೇ ಬಾನೆಟ್ ಮುಚ್ಚಿ. ಮರೆತರೆ ಬಾನೆಟ್ ಡೊಂಕಾಗುತ್ತದೆ.)

ಎಜಿಎಂ ಆದರೆ 12.8ರ ಆಸುಪಾಸು ಪೂರ್ತಿ ತುಂಬಿದ ಲೆಕ್ಕ, ಸಾಮಾನ್ಯ ಬ್ಯಾಟರಿಗೆ 12.6. ಸಾಮಾನ್ಯ ಬ್ಯಾಟರಿಯಲ್ಲಿ 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12 ಎಂದರೆ ಕಾಲುಭಾಗ. ಚಾರ್ಜ್ ಮಾಡದೆ ನೋಡಿದಾಗ 12.2 ಬಂದರೆ ಅದು ಬ್ಯಾಟರಿಯ ದೋಷವೆಂದು ಹೇಳಲಾಗದು, ಖಾಲಿಯಾಗಿದೆ ಎಂದಷ್ಟೇ ಅರ್ಥ. ಪೂರ್ತಿ ಚಾರ್ಜ್ ಆಗಿ ಒಂದು ರಾತ್ರಿ ಕಳೆದ ಮೇಲೂ 12.4–12.5ಕ್ಕೆ ಇಳಿದಿದ್ದರೆ ಚಿಂತಿಸಬೇಕಾದ ಅಂಕಿ. ಪೋರ್ಷೆಯ ಕೆಲವು ಕಾರುಗಳಲ್ಲಿರುವ ಲಿಥಿಯಂ ಸ್ಟಾರ್ಟರ್ ಬ್ಯಾಟರಿಗೆ ಈ ಯಾವ ಅಂಕಿಯೂ ಹೊಂದುವುದಿಲ್ಲ.

ಎಂಜಿನ್ ನಡೆಯುತ್ತಿರುವಾಗ 12.8 ತೋರಿಸಿತೆಂದು ಆಲ್ಟರ್ನೇಟರ್ (ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಭಾಗ) ಕೆಟ್ಟಿದೆ ಎಂದು ತೀರ್ಮಾನಿಸುವವರಿದ್ದಾರೆ. ಹಳೆಯ ಕಾರುಗಳಿಗೆ ಆ ಮಾತು ಸರಿ. ಇಂದಿನ ಕಾರುಗಳು ಇಂಧನ ಉಳಿಸಲು ಆಲ್ಟರ್ನೇಟರನ್ನು ಬೇಕಾದಾಗ ಮಾತ್ರ ದುಡಿಸುತ್ತವೆ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ 14.8ರವರೆಗೆ ಏರುತ್ತದೆ, ವೇಗ ಹೆಚ್ಚಿಸುವಾಗ 12.5ಕ್ಕೆ ಇಳಿಯುತ್ತದೆ. ಹೆಡ್‌ಲೈಟ್, ಹಿಂಗಾಜಿನ ಡಿಫಾಗರ್ ಹಾಕಿ ಸ್ವಲ್ಪ ಹೊತ್ತು ನೋಡಿ. ಆಗಲೂ 13.5 ದಾಟದಿದ್ದರೆ ಆಲ್ಟರ್ನೇಟರ್ ಕಡೆ ಗಮನ ಕೊಡಿ.

ಹಂತ 6: ಸ್ಟಾರ್ಟ್ ಆಗುವ ಕ್ಷಣ

ಕನಿಷ್ಠ ಅಂಕಿಯನ್ನು ಹಿಡಿದಿಡುವ ಮೀಟರ್ ಆದರೆ ಒಳ್ಳೆಯದು. ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಮೀಟರ್ ನೋಡಲಿ. ಆರೋಗ್ಯವಂತ ಬ್ಯಾಟರಿ 10 ವೋಲ್ಟ್‌ಗಿಂತ ಮೇಲೆಯೇ ನಿಲ್ಲುತ್ತದೆ. ನಮ್ಮ ಊರಿನ ಹವೆಯಲ್ಲಿ 9.6ಕ್ಕಿಂತ ಕೆಳಗೆ ಕುಸಿದರೆ, ಅದೂ ಪೂರ್ತಿ ಚಾರ್ಜ್ ಆದ ಮೇಲೆ, ಕಾರು ಸ್ಟಾರ್ಟ್ ಆಯಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಒಮ್ಮೆ ಮೊಳೆಗಳ ಬಿಗಿ, ಎಂಜಿನ್ ಮತ್ತು ಬಾಡಿ ನಡುವಿನ ಅರ್ಥ್ ಪಟ್ಟಿಯನ್ನು ನೋಡಿ, ಮತ್ತೆ ಅಳೆಯಿರಿ.

ಹಂತ 7: ಟೆಸ್ಟರ್ ಚೀಟಿ

ಕೈಯಲ್ಲಿ ಹಿಡಿಯುವ ಟೆಸ್ಟರ್ ಈಗ ಬಹುತೇಕ ಬ್ಯಾಟರಿ ಅಂಗಡಿಗಳಲ್ಲಿದೆ. ಅದು ಬ್ಯಾಟರಿಯ ಒಳರೋಧವನ್ನು ಅಳೆದು ಸಿಸಿಎ ಅಂದಾಜಿಸುತ್ತದೆ. ಟೆಸ್ಟರ್‌ಗಿಂತ ಅದನ್ನು ಹಿಡಿದ ಕೈ ಮುಖ್ಯ. ಬಗೆ ಎಜಿಎಂ ಎಂದು, ಮಾನದಂಡ ಇಎನ್ ಎಂದು, ಅಂಕಿ ಲೇಬಲ್‌ನಲ್ಲಿರುವಂತೆ 850 ಎಂದು ತುಂಬಿದ್ದಾರೆಯೇ ನಿಂತು ನೋಡಿ. ಹಿಂದಿನ ಗಿರಾಕಿಯ ಸಣ್ಣ ಕಾರಿಗೆ ತುಂಬಿದ್ದ ಅಂಕಿಯಲ್ಲೇ ನಿಮ್ಮ ಕಾರನ್ನೂ ಅಳೆದರೆ ಕೆಟ್ಟದ್ದು ‘ಚೆನ್ನಾಗಿದೆ’ ಎಂದು ಬರುತ್ತದೆ. ‘ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ’ ಎಂದು ಬಂದರೆ ಅದು ‘ಬದಲಿಸಿ’ ಎಂಬ ಆಜ್ಞೆಯಲ್ಲ, ಅಂಗಡಿಯವರು ಹಾಗೆ ಓದಿ ಹೇಳಿದರೂ.

ನನ್ನ ಅಳತೆಗೋಲು ಹೀಗಿದೆ: ಲೇಬಲ್‌ನ ಮುಕ್ಕಾಲು ಭಾಗಕ್ಕಿಂತ ಮೇಲಿದ್ದರೆ ಬಿಟ್ಟುಬಿಡಿ. ಅದಕ್ಕಿಂತ ಕೆಳಗಾದರೆ ಮುಂದಿನ ಕೆಲವು ತಿಂಗಳಲ್ಲಿ ಬದಲಿಸಲು ಹಣ ಎತ್ತಿಡಿ. ನೂರಕ್ಕೆ ಅರವತ್ತು ಭಾಗಕ್ಕಿಂತ ಕೆಳಗಾದರೆ ಕಾಯಬೇಡಿ. ಒಂದು ಎಚ್ಚರಿಕೆಯಿದೆ. ಎಜಿಎಂ ಮುದಿಯಾದಾಗ ಸಿಸಿಎ ಚೆನ್ನಾಗಿಯೇ ಇದ್ದು, ಹಿಡಿದಿಡುವ ಸಾಮರ್ಥ್ಯ ಮಾತ್ರ ಕುಗ್ಗಿರುವುದುಂಟು. ಅಂಥ ಬ್ಯಾಟರಿ ಟೆಸ್ಟರ್‌ನಲ್ಲಿ ಪಾಸಾಗಿ, ಮೂರು ದಿನ ನಿಂತ ಕಾರಿನಲ್ಲಿ ಫೇಲಾಗುತ್ತದೆ. ಹಾಗಾಗಿ ಪೂರ್ತಿ ಚಾರ್ಜ್ ಮಾಡಿ, ಮೂರು ದಿನ ಕಾರನ್ನು ಮುಟ್ಟದೆ ಬಿಟ್ಟು, ಮತ್ತೆ ವೋಲ್ಟೇಜ್ ನೋಡುವುದು ಟೆಸ್ಟರ್ ಬೇಡದ ಒಳ್ಳೆಯ ಪರೀಕ್ಷೆ.

ಹಂತ 8: ಕದಿಯುತ್ತಿರುವವರು ಯಾರು?

ಲಾಕ್ ಆಗಿ ಮಲಗಿದ ಕಾರು 20ರಿಂದ 50 ಮಿಲಿಆಂಪಿಯರ್ ಎಳೆಯುವುದು ಸಹಜ. 50 ಎಂದರೂ ದಿನಕ್ಕೆ 1.2 ಎಎಚ್, ಹತ್ತು ದಿನಕ್ಕೆ 12. ದೊಡ್ಡ ಬ್ಯಾಟರಿಗೆ ಲೆಕ್ಕಕ್ಕಿಲ್ಲ. ಪಾರ್ಕಿಂಗ್‌ನಲ್ಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ 300 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 7.2 ಎಎಚ್, ಒಂದು ವಾರದಲ್ಲಿ 92 ಎಎಚ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಖಾಲಿ. ಒಬಿಡಿ ಸಾಕೆಟ್ಟಿಗೆ (ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸುವ ಜಾಗ) ಸಿಕ್ಕಿಸಿದ ಟ್ರ್ಯಾಕರ್‌ಗಳು ಕೆಲವೊಮ್ಮೆ ಇದಕ್ಕಿಂತ ಕೆಟ್ಟವು: ತಾವು ಎಳೆಯುವುದು ಸ್ವಲ್ಪವಾದರೂ ಇಡೀ ಕಾರನ್ನು ಮಲಗಲು ಬಿಡುವುದಿಲ್ಲ.

ಅಳೆಯಲು ಡಿ.ಸಿ. (ಬ್ಯಾಟರಿಯ ನೇರ ವಿದ್ಯುತ್) ಕ್ಲ್ಯಾಂಪ್ ಮೀಟರ್ ಬೇಕು. ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ಡಿ.ಸಿ. ಎಂದು ಒತ್ತಿ ಹೇಳಿ, ಅಗ್ಗದವು ಬಹಳಷ್ಟು ಎ.ಸಿ. (ಮನೆಯ ಪರ್ಯಾಯ ವಿದ್ಯುತ್) ಮಾತ್ರ ಅಳೆಯುತ್ತವೆ. ಮಿಲಿಆಂಪಿಯರ್‌ವರೆಗೆ ಸೂಕ್ಷ್ಮವಾಗಿರುವುದೂ ಬೇಕು. ಕಾರು ಲಾಕ್ ಮಾಡಿ ಒಂದು ಗಂಟೆ ಬಿಟ್ಟು ನೆಗೆಟಿವ್ ತಂತಿಗೆ ಕ್ಲ್ಯಾಂಪ್ ಹಾಕಿ ಓದಿ. ತಂತಿ ಬಿಚ್ಚಿ ಸಾಮಾನ್ಯ ಮೀಟರನ್ನು ನಡುವೆ ಸೇರಿಸುವ ಹಳೆಯ ಪದ್ಧತಿ ಈ ಕಾರುಗಳಿಗೆ ಬೇಡ. ಯಾರಾದರೂ ಬಾಗಿಲು ತೆರೆದರೆ ಮೀಟರಿನ ಫ್ಯೂಸ್ ಹಾರುತ್ತದೆ.

ಮಲ್ಲೇಶ್ವರದ ಪರಿಚಿತರೊಬ್ಬರ ಕಾರಿನಲ್ಲಿ ಈ ಹಂತವೇ ಎಲ್ಲವನ್ನೂ ತೀರ್ಮಾನಿಸಿತು. ನಿವೃತ್ತರು, ನಾಲ್ಕು ವರ್ಷದ ಜರ್ಮನ್ ಸೆಡಾನ್, ಭಾನುವಾರ ಬಸವನಗುಡಿಗೆ ಮಗಳ ಮನೆಗೆ ಹೋಗಿ ಬರುವುದು ಬಿಟ್ಟರೆ ಓಡಾಟವಿಲ್ಲ.

“ಸರ್, ಬ್ಯಾಟರಿ ಹೋಗಿದೆಯಂತೆ, ಬದಲಿಸಲೇಬೇಕಂತೆ. ಯಜಮಾನರು ನಾಳೆಯೇ ಹಾಕಿಸು ಎಂದಿದ್ದಾರೆ” ಎಂದು ಅವರ ಚಾಲಕ ಹೇಳಿದಾಗ ಮೀಟರ್ 12.08 ತೋರಿಸುತ್ತಿತ್ತು.

ರಾತ್ರಿಯಿಡೀ ಚಾರ್ಜ್ ಮಾಡಿ, ಮರುದಿನ ರಾತ್ರಿ ವಿಶ್ರಾಂತಿ ಕೊಟ್ಟು ನೋಡಿದರೆ 12.79. ಸ್ಟಾರ್ಟ್ ಮಾಡುವಾಗ 10.7ಕ್ಕಿಂತ ಕೆಳಗಿಳಿಯಲಿಲ್ಲ. ಟೆಸ್ಟರ್‌ನಲ್ಲಿ 850ಕ್ಕೆ 780. ಹಿಂದಿನ ವರ್ಷ ಹಾಕಿಸಿದ್ದ ಡ್ಯಾಶ್‌ಕ್ಯಾಮ್‌ನ ತಂತಿಯನ್ನು ಸದಾ ವಿದ್ಯುತ್ ಇರುವ ಫ್ಯೂಸಿನಿಂದ ತೆಗೆದು ಇಗ್ನಿಷನ್ ಫ್ಯೂಸಿಗೆ ಹಾಕಿದ್ದೇ ರಿಪೇರಿ. “ಹಾಗಾದರೆ ನಾಳೆ ಅಂಗಡಿಗೆ ಹೋಗುವುದು ಬೇಡವೇ ಸರ್?” ಎಂದು ಆತ ಕೇಳಿದ ಧ್ವನಿಯಲ್ಲಿ ತುಸು ನಿರಾಸೆಯೇ ಇತ್ತು.

ಇದಕ್ಕೆ ತದ್ವಿರುದ್ಧ, ದಿನವೂ ಯಲಹಂಕದಿಂದ ವೈಟ್‌ಫೀಲ್ಡ್‌ಗೆ ಓಡುವ ಆರು ವರ್ಷದ ಎಸ್‌ಯುವಿ. ಒಂದು ದಿನವೂ ಕೈಕೊಟ್ಟಿರಲಿಲ್ಲ. ಚಾರ್ಜ್ ಮಾಡಿ ರಾತ್ರಿ ಕಳೆದರೂ 12.45, ಸ್ಟಾರ್ಟ್ ಮಾಡುವಾಗ 9.3. ಮಾಲೀಕರು ನಂಬಲು ಸಿದ್ಧರಿರಲಿಲ್ಲ, ಆದರೆ ಬದಲಿಸಬೇಕಾದದ್ದು ಅದನ್ನೇ.

ಹಂತ 9: ತೀರ್ಮಾನ

ವಿಶ್ರಾಂತಿಯ ವೋಲ್ಟೇಜ್, ಸ್ಟಾರ್ಟ್ ಕುಸಿತ, ಟೆಸ್ಟರ್ ಅಂಕಿ. ಈ ಮೂರರಲ್ಲಿ ಎರಡು ಕೆಟ್ಟಿದ್ದರೆ ಬದಲಿಸಿ. ಒಂದೇ ಕೆಟ್ಟಿದ್ದರೆ ಇನ್ನೊಮ್ಮೆ ಚಾರ್ಜ್ ಮಾಡಿ ಪುನಃ ಪರೀಕ್ಷಿಸಿ. ಮೂರೂ ಚೆನ್ನಾಗಿದ್ದು ಬ್ಯಾಟರಿ ಮಾತ್ರ ಖಾಲಿಯಾಗುತ್ತಲೇ ಇದ್ದರೆ ದೋಷ ಬೇರೆಡೆ ಇದೆ, ಹೊಸ ಬ್ಯಾಟರಿಯೂ ಅದೇ ಗತಿ ಕಾಣುತ್ತದೆ. ಒಮ್ಮೆ ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಹಾಗೆಯೇ ನಿಂತಿದ್ದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ವಿದೇಶಕ್ಕೆ ಮಕ್ಕಳ ಮನೆಗೆ ಹೋಗಿ ಬಂದವರ ಕಾರುಗಳದು ಸಾಮಾನ್ಯವಾಗಿ ಈ ಕತೆ. ಅಂಥದ್ದಕ್ಕೆ ಒಂದೇ ಅವಕಾಶ ಕೊಡಿ.

ಸಹಾಯಕ ಬ್ಯಾಟರಿ ಸಣ್ಣದು, ಅಗ್ಗದ್ದು. ಮುಖ್ಯ ಬ್ಯಾಟರಿ ವಯಸ್ಸಾಗಿ ಹೋದರೆ ಎರಡನ್ನೂ ಒಟ್ಟಿಗೆ ಬದಲಿಸುವುದೇ ಲೇಸು. ಸಂದೇಶದಲ್ಲಿ ‘ಸಹಾಯಕ ಬ್ಯಾಟರಿ’ ಎಂದೇ ಬರೆದಿದ್ದರೆ, ಮುಖ್ಯ ಬ್ಯಾಟರಿಯನ್ನು ಮಾರಲು ಬಂದವರನ್ನು ಗೌರವದಿಂದ ಸಾಗಹಾಕಿ.

48 ವೋಲ್ಟ್, ಹೈಬ್ರಿಡ್, ವಿದ್ಯುತ್ ಕಾರುಗಳ ಮಾತು

48 ವೋಲ್ಟ್ ವ್ಯವಸ್ಥೆ ಇರುವ ಹಲವು ಎಂಜಿನ್‌ಗಳಲ್ಲಿ ಹಳೆಯ ಬಗೆಯ 12 ವೋಲ್ಟ್ ಆಲ್ಟರ್ನೇಟರ್ ಇರುವುದಿಲ್ಲ. 48 ವೋಲ್ಟ್‌ನಿಂದ ಇಳಿಸಿ 12 ವೋಲ್ಟ್ ಬ್ಯಾಟರಿಗೆ ತುಂಬುವ ಪರಿವರ್ತಕ ಇರುತ್ತದೆ. ಮೇಲಿನದು ಕೆಟ್ಟರೆ ಕೆಳಗಿನದಕ್ಕೆ ಊಟವಿಲ್ಲ. ಇಂಥ ಕಾರಿನಲ್ಲಿ 12 ವೋಲ್ಟ್ ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಅದನ್ನು ಬದಲಿಸುವ ಮೊದಲು 48 ವೋಲ್ಟ್ ಕಡೆಯ ದೋಷಸಂಕೇತಗಳನ್ನು ಓದಿಸಿ. 48 ವೋಲ್ಟ್ ಲಿಥಿಯಂ ಪೆಟ್ಟಿಗೆಯನ್ನು ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ.

ವಿದ್ಯುತ್ ಕಾರಿನಲ್ಲೂ 12 ವೋಲ್ಟ್ ಬ್ಯಾಟರಿ ಇದೆ. ದೊಡ್ಡ ಪ್ಯಾಕ್‌ನಲ್ಲಿ ಮುನ್ನೂರು ಕಿಲೋಮೀಟರ್ ಚಾರ್ಜ್ ಇದ್ದರೂ ಇದು ಸತ್ತರೆ ಕಾರು ಕದಲುವುದಿಲ್ಲ. ದೊಡ್ಡ ಪ್ಯಾಕ್‌ಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುತ್ತದೆ, ಮರ್ಸಿಡಿಸ್ ಇಕ್ಯೂಎಸ್‌ನಂಥ ಕೆಲವಕ್ಕೆ ಇನ್ನೂ ಹೆಚ್ಚು. ಸಾಮರ್ಥ್ಯ 70 ಪ್ರತಿಶತಕ್ಕಿಂತ ಕೆಳಗಿಳಿದರೆ ಹಕ್ಕು ಕೇಳಬಹುದು ಎಂಬುದು ಸಾಮಾನ್ಯ ಷರತ್ತು. ಮನೆಯಲ್ಲೇ ಅಂದಾಜು ಮಾಡಲು 20ರಿಂದ 80 ಪ್ರತಿಶತದವರೆಗೆ ನಿಧಾನ ಚಾರ್ಜ್ ಮಾಡಿ ಮೀಟರಿನ ಯುನಿಟ್ ನೋಡಿ. 52 ಯುನಿಟ್ ಹೋಯಿತು ಎನ್ನಿ. ಸುಮಾರು ಹತ್ತನೇ ಒಂದು ಭಾಗ ನಷ್ಟವೆಂದು ಕಳೆದರೆ 46.8, ಅದನ್ನು 0.6ರಿಂದ ಭಾಗಿಸಿದರೆ 78. ಕಾರು ಹೊಸದಿದ್ದಾಗಿನ ಬಳಸಬಹುದಾದ ಸಾಮರ್ಥ್ಯದ ಪಕ್ಕದಲ್ಲಿಟ್ಟು ನೋಡಿ. ಬಹಳ ಕಡಿಮೆ ಬಂದರೆ ಅಧಿಕೃತ ಕೇಂದ್ರದಿಂದ ಲಿಖಿತ ಆರೋಗ್ಯ ವರದಿ ತೆಗೆದುಕೊಳ್ಳಿ. ಅದೂ ವಾರಂಟಿ ಮುಗಿಯುವ ಮುನ್ನ. ಎಷ್ಟೋ ಕಾರುಗಳಲ್ಲಿ ಇಡೀ ಪ್ಯಾಕ್ ಬದಲು ಕೆಟ್ಟ ಮಾಡ್ಯೂಲ್ ಮಾತ್ರ ಬದಲಿಸಲು ಸಾಧ್ಯ, ಆ ದರವನ್ನೂ ಕೇಳಿ.

ಲೆಕ್ಸಸ್ ಇಎಸ್ 300ಎಚ್ ಇಟ್ಟುಕೊಂಡವರು ಹಿಂದಿನ ಸೀಟಿನ ಬಳಿಯ ಗಾಳಿದ್ವಾರದ ಫಿಲ್ಟರ್ ಶುಚಿಯಾಗಿಡಲಿ. ಅದು ಧೂಳಿನಿಂದ ಕಟ್ಟಿಕೊಂಡರೆ ಹೈಬ್ರಿಡ್ ಬ್ಯಾಟರಿಗೆ ತಂಪು ಸಿಗುವುದಿಲ್ಲ.

ಇನ್ನು ನೀರು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ದುಬಾರಿ ಕಾರುಗಳು ಮುಳುಗಿ ನಿಂತದ್ದನ್ನು ಊರೇ ನೋಡಿದೆ. ಡಿಕ್ಕಿಯ ತಳದಲ್ಲಿ, ಸೀಟಿನಡಿಯಲ್ಲಿ ಬ್ಯಾಟರಿ ಇರುವ ಕಾರಿಗೆ ನೀರು ನುಗ್ಗಿದ್ದರೆ ಸ್ಟಾರ್ಟ್ ಬಟನ್ ಒತ್ತಬೇಡಿ, ಚಾರ್ಜರ್ ಹಚ್ಚಬೇಡಿ. ವಿದ್ಯುತ್ ಕಾರಾದರೆ ದೂರ ನಿಂತು ಕಂಪನಿಯವರನ್ನೇ ಕರೆಸಿ.

ಹಂತ 10: ಕೊಳ್ಳುವುದು, ಹಾಕಿಸುವುದು

ಅಧಿಕೃತ ಸರ್ವಿಸ್ ಕೇಂದ್ರಕ್ಕೂ ಜೆ.ಸಿ. ರಸ್ತೆಯ ಅಂಗಡಿಗೂ ದರದಲ್ಲಿ ದೊಡ್ಡ ಅಂತರವಿರುತ್ತದೆ. ಆ ಅಂತರದಲ್ಲಿ ಏನೇನು ಸೇರಿದೆ ಎಂದು ನೋಡಬೇಕು. ಬ್ಯಾಟರಿ, ಅಳವಡಿಕೆ, ಕಂಪ್ಯೂಟರ್ ನೋಂದಣಿ, ಹಳೆಯದರ ಎಕ್ಸ್‌ಚೇಂಜ್, ನಾಲ್ಕನ್ನೂ ಬೇರೆ ಬೇರೆ ಬರೆದ ದರಪಟ್ಟಿ ಕೇಳಿ. ಎಜಿಎಂ ಇದ್ದ ಜಾಗಕ್ಕೆ ಎಜಿಎಂ ಮಾತ್ರ. ‘ಅದಕ್ಕಿಂತ ಇದೇ ಚೆನ್ನಾಗಿ ಬರುತ್ತದೆ’ ಎಂದು ಸಾಮಾನ್ಯ ಬ್ಯಾಟರಿ ತೋರಿಸಿದರೆ ಅಂಗಡಿ ಬದಲಿಸಿ. ಅಳತೆ, ಮೊಳೆಗಳ ದಿಕ್ಕು, ಎಎಚ್ ಹಳೆಯದರಂತೆಯೇ ಇರಲಿ. ಆರು ತಿಂಗಳಿಗಿಂತ ಹಳೆಯ ದಾಸ್ತಾನು ಬೇಡ, ಕೊಳ್ಳುವ ಮುನ್ನ ಅಲ್ಲೇ ವೋಲ್ಟೇಜ್ ನೋಡಿ.

ನೋಂದಣಿಯಲ್ಲಿ ರಿಯಾಯಿತಿ ಬೇಡ. ಬಿಎಂಡಬ್ಲ್ಯೂ, ಔಡಿ ಕಾರುಗಳಿಗೆ ಹೊಸ ಬ್ಯಾಟರಿ ಬಂದಿದೆ ಎಂದು ಕಂಪ್ಯೂಟರ್ ಮೂಲಕ ತಿಳಿಸಬೇಕು, ಎಎಚ್ ಅಥವಾ ಬಗೆ ಬದಲಾದರೆ ಆ ವಿವರವನ್ನೂ ಕಂಪ್ಯೂಟರಿನಲ್ಲಿ ಬದಲಿಸಬೇಕು (ಕೋಡಿಂಗ್). ಜಾಗ್ವಾರ್, ಲ್ಯಾಂಡ್ ರೋವರ್‌ಗಳಲ್ಲಿ ಬ್ಯಾಟರಿ ನಿರ್ವಹಣೆಯ ಲೆಕ್ಕವನ್ನು ರೀಸೆಟ್ ಮಾಡಬೇಕು. ಮಾಡದಿದ್ದರೆ ಕಾರು ಹೊಸದನ್ನೂ ಮುದಿ ಬ್ಯಾಟರಿ ಎಂದೇ ತಿಳಿದು ಹಾಗೆಯೇ ಚಾರ್ಜ್ ಮಾಡುತ್ತದೆ, ಆಯುಷ್ಯ ಕುಗ್ಗುತ್ತದೆ. ಮನೆಬಾಗಿಲಿಗೆ ಬಂದು ಹತ್ತು ನಿಮಿಷದಲ್ಲಿ ಹಾಕಿ ಹೋಗುವವರಲ್ಲಿ ಈ ಉಪಕರಣ ಇದೆಯೇ ಎಂದು ಫೋನಿನಲ್ಲೇ ವಿಚಾರಿಸಿ.

ಕೆಲಸ ನಡೆಯುವಾಗ ಪಕ್ಕದಲ್ಲಿ ನಿಲ್ಲಿ. ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು, ಮೊದಲು ನೆಗೆಟಿವ್ ಬಿಚ್ಚಬೇಕು. ಕೂಡಿಸುವಾಗ ನೆಗೆಟಿವ್ ಕೊನೆಗೆ. ಕೀಲಿ ನಿಮ್ಮ ಕೈಯಲ್ಲೇ ಇರಲಿ, ಡಿಕ್ಕಿಯೊಳಗೆ ಬಿಟ್ಟು ಅದು ಮುಚ್ಚಿಕೊಂಡರೆ ಪಜೀತಿ. ಕಾರಿನೊಳಗೆ ಕೂರುವ ಬ್ಯಾಟರಿಗೆ ಅನಿಲ ಹೊರಹೋಗುವ ಸಣ್ಣ ಕೊಳವೆಯೊಂದಿರುತ್ತದೆ. ಹಳೆಯದರಿಂದ ಕಳಚಿ ಹೊಸದಕ್ಕೆ ಸಿಕ್ಕಿಸಿದರೇ ಎಂದು ಬಗ್ಗಿ ನೋಡಿ, ಮರೆಯುವುದು ಹೆಚ್ಚಾಗಿ ಅದನ್ನೇ. ತಳದ ಹಿಡಿಕೆ ಬಿಗಿಯಾಗಿರಬೇಕು. 95 ಎಎಚ್ ಬ್ಯಾಟರಿ 26–27 ಕಿಲೋ ತೂಗುತ್ತದೆ, ನಮ್ಮ ರಸ್ತೆಗುಂಡಿಗಳಲ್ಲಿ ಅದು ಒಳಗೆ ಕುಣಿದರೆ ಫಲಕಗಳು ಕೆಡುತ್ತವೆ. ಆಮೇಲೆ ಗಡಿಯಾರ, ಕಿಟಕಿಗಳು, ಸನ್‌ರೂಫ್ ಸರಿಹೊಂದಿಸಿಕೊಂಡು, ಸ್ಟಿಯರಿಂಗನ್ನು ಒಮ್ಮೆ ಎಡತುದಿಗೆ, ಒಮ್ಮೆ ಬಲತುದಿಗೆ ತಿರುಗಿಸಿದರೆ ಉಳಿದ ದೀಪಗಳು ಸಾಮಾನ್ಯವಾಗಿ ಆರುತ್ತವೆ.

ಹಳೆಯ ಬ್ಯಾಟರಿಯ ಸೀಸಕ್ಕೆ ಬೆಲೆಯಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಬೇರೆ ಕಸದೊಂದಿಗೆ ಸೇರಿಸುವಂತಿಲ್ಲ, ಸಂಗ್ರಹಿಸುವವರಿಗೋ ಮರುಬಳಕೆ ಮಾಡುವವರಿಗೋ ಒಪ್ಪಿಸಬೇಕು. ಎಕ್ಸ್‌ಚೇಂಜ್ ಮೊತ್ತವನ್ನು ಬಿಲ್ಲಿನಲ್ಲೇ ಕಳೆದು ಬರೆಸಿಕೊಳ್ಳಿ. ಬಿಲ್ಲು, ವಾರಂಟಿ ಕಾರ್ಡು, ನೋಂದಣಿಯ ಪ್ರಿಂಟ್ ಮೂರನ್ನೂ ಫೋಟೊ ತೆಗೆದಿಡಿ. ಒಂದು ವಾರ ಎಂದಿನಂತೆ ಓಡಾಡಿ, ಮತ್ತೊಂದು ಬೆಳಿಗ್ಗೆ ಕಾರು ಮಲಗಿರುವಾಗಲೇ ವೋಲ್ಟೇಜ್ ಅಳೆದು ದಿನಾಂಕದ ಜೊತೆ ಬರೆದಿಡಿ. 12.5ಕ್ಕಿಂತ ಕಡಿಮೆ ಬಂದರೆ ಎಂಟನೇ ಹಂತಕ್ಕೆ ಹಿಂತಿರುಗಿ, ಅಲ್ಲಿ ಏನೂ ಸಿಗದಿದ್ದರೆ ಆ ಅಂಕಿಯೊಂದಿಗೆ ಅಂಗಡಿಗೆ ಹೋಗಿ.